ಬೆರಳು ತೋರಿಸುವ ಭಾನುವಾರ

ನಮ್ಮೂರಿನಲ್ಲಿ ಓಟು ಹಾಕಿದವರ ಬೆರಳಿನ ಮಸಿ ದಿನ ಕಳೆದಂತೆ ಮಾಸುವುದಿಲ್ಲ. ಗೆದ್ದವನು ಆ ಬೀದಿಗೆ ಕೊಟ್ಟ ಮಾತನ್ನು ನಡೆಸಿಕೊಟ್ಟ ದಿನ ಹೋಗುತ್ತದೆ. ಬೆಳಿಗ್ಗೆ ಹಲ್ಲುಜ್ಜುವಾಗ ನೋಡಿಕೊಂಡರೆ ಉಗುರು ಬೆಳ್ಳಗಿರುತ್ತದೆ, ಅಷ್ಟೇ. ನಡೆಸಿಕೊಡದಿದ್ದರೆ ಉಗುರು ಬೆಳೆದು, ಕತ್ತರಿಸಿ, ಮತ್ತೆ ಬೆಳೆದರೂ ಮಸಿ ಇದ್ದಲ್ಲೇ ಇರುತ್ತದೆ. ಅಷ್ಟರಲ್ಲಿ ಮುಂದಿನ ಚುನಾವಣೆ ಬಂದರೆ ಮತಗಟ್ಟೆಯವರು ಏನೂ ಕೇಳದೆ ಪಕ್ಕದ ಬೆರಳು ಹಿಡಿದು ಹಚ್ಚುತ್ತಾರೆ. ಸಂತೆಬೀದಿಯಲ್ಲಿ ಎಡಗೈಯ ನಾಲ್ಕು ಬೆರಳೂ ಕಪ್ಪಾದ ಅಜ್ಜಿಯೊಬ್ಬಳಿದ್ದಳು. ಆ ಕೈಯಲ್ಲೇ ಸೊಪ್ಪು ಕಟ್ಟು ಕಟ್ಟಿ ಮಾರುತ್ತಿದ್ದಳು, ಕೊಳ್ಳುವವರು ಕೊಳ್ಳುತ್ತಿದ್ದರು. ಹೆಣ್ಣು ನೋಡಲು ಬಂದವರು ಮನೆಯವರ ಬೆರಳು ನೋಡಿ, "ನಿಮ್ಮ ಬೀದಿಗಿನ್ನೂ ನೀರು ಬಂದಿಲ್ಲ ಅನ್ನಿ" ಎಂದು ಉಪ್ಪಿಟ್ಟು ಮುಗಿಸಿ ಎದ್ದು ಹೋದದ್ದೂ ಉಂಟು.

ನಾನು ಈ ಊರಿನ ಶಾಸಕ. ರುದ್ರಮುನಿ ಎಂದು ಹೆಸರು. ಮೊದಲು ಇಲ್ಲೇ ಕೋರ್ಟಿನಲ್ಲಿ ವಕೀಲಿಕೆ ಮಾಡುತ್ತಿದ್ದೆ, ಅದಕ್ಕೇ ಜನ ಇವತ್ತಿಗೂ ಲಾಯರಪ್ಪ ಎನ್ನುತ್ತಾರೆ. ಬೀಡಿ ಕಟ್ಟುವ ಹೆಂಗಸರ ಕೇಸು, ಮನೆ ಬಿಡಿಸಿದ ಬಾಡಿಗೆದಾರರ ಕೇಸು, ಇಂಥವೇ ನನ್ನವು. ಚುನಾವಣೆಗೆ ನಿಂತಾಗ ಅವರೇ ಮನೆಮನೆಗೆ ಹೋಗಿ ಕೇಳಿದರು, ಗೆಲ್ಲಿಸಿದರು. ಮೊದಲ ಐದು ವರ್ಷ ನಾನು ಸುಮ್ಮನೆ ಕೂರಲಿಲ್ಲ. ಇದನ್ನು ಜಂಬದಿಂದ ಹೇಳುತ್ತಿಲ್ಲ. ಮುಂದೆ ಹೇಳುವುದು ಅರ್ಥವಾಗಬೇಕಾದರೆ ಇದೂ ಗೊತ್ತಿರಬೇಕು. ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತೇ ಇರುತ್ತಿದ್ದ ಹೆಣ್ಣುಮಕ್ಕಳಿಗೆ ಕೂರಲು ಆಸನ ಕೊಡಲೇಬೇಕೆಂಬ ಕಾನೂನಿಗೆ ವಿಧಾನಸಭೆಯಲ್ಲಿ ಎರಡು ಅಧಿವೇಶನ ಗುದ್ದಾಡಿದೆ. ಅದು ಜಾರಿಗೆ ಬಂದ ದಿನ ಪೇಟೆಬೀದಿಯ ಹುಡುಗಿಯರು ಸ್ಟೂಲಿನ ಮೇಲೆ ಕೂತು ಒಬ್ಬರಿಗೊಬ್ಬರು ಬೆಳ್ಳಗಿನ ಉಗುರು ತೋರಿಸಿಕೊಂಡು ನಕ್ಕಿದ್ದು ನನ್ನ ಕಣ್ಣಲ್ಲಿದೆ. ಬೀಡಿ ಕಾರ್ಮಿಕರಿಗೆ ಹೆರಿಗೆ ರಜೆ ಬಂತು. ಹೆಣ್ಣುಮಕ್ಕಳ ಹಾಸ್ಟೆಲು ಬಂತು. ಒಂದೊಂದೇ ಬೀದಿಯ ಬೆರಳು ತೊಳೆದ ಹಾಗಾಗುತ್ತ ಹೋಯಿತು.

ಊರಿನ ತುದಿಯಲ್ಲಿ ಕೊನೇಬೀದಿ. ನಲವತ್ತೊಂದು ಮನೆ. ಅಲ್ಲಿಯ ಗಂಡಸರು ಒಳಚರಂಡಿಯ ಗುಂಡಿಗೆ ಇಳಿದು ಕೈಯಾರೆ ಹೂಳು ತೆಗೆಯುವವರು, ಹೆಂಗಸರು ಬೀದಿ ಗುಡಿಸುವವರು. ಅವರಿಗೆ ನಾನು ಕೊಟ್ಟ ಮಾತು ಒಂದೇ: ಇನ್ನು ಮೇಲೆ ನಿಮ್ಮಲ್ಲಿ ಯಾರೂ ಗುಂಡಿಗೆ ಇಳಿಯುವಂತಿಲ್ಲ. ನಾಲ್ಕನೇ ವರ್ಷ ಆ ಕಾನೂನೂ ಆಯಿತು. ಇಳಿಸಿದವನಿಗೆ ಎರಡು ವರ್ಷ ಜೈಲು ಎಂಬ ಸಾಲನ್ನು ನಾನೇ ಕೂತು ಬರೆದದ್ದು. ಕೆಲಸ ಬಿಟ್ಟ ಹಿರಿಯರಿಗೆ, ದುಡಿಯಲಾಗದವರಿಗೆ ಪಿಂಚಣಿಯನ್ನೂ ಸೇರಿಸಿದೆ. ಹೂಳು ಹೀರುವ ದೊಡ್ಡದೊಂದು ಯಂತ್ರ ಪುರಸಭೆಗೆ ಬಂತು. ಅದರ ಉದ್ದನೆಯ ಪೈಪು ನೋಡಿ ಜನ ಅದನ್ನು ಆನೆ ಎಂದು ಕರೆದರು. ಆನೆ ಬಂದ ಮರುದಿನ ಬೆಳಿಗ್ಗೆ ಕೊನೇಬೀದಿಯಲ್ಲಿ ಎಲ್ಲರ ಮಸಿ ಹೋಗಿತ್ತು. ತಮಟೆ ಹೊಡೆದುಕೊಂಡು ನಮ್ಮನೆವರೆಗೂ ಬಂದರು. ಮುಂದೆ ನಿಂತು ಕುಣಿದವಳು ನರಸಕ್ಕ. ನನ್ನ ಮೊದಲ ಚುನಾವಣೆಯಲ್ಲಿ ಆ ಬೀದಿಯ ಒಂದು ಮನೆ ಬಿಡದೆ ಓಟು ಕೇಳಿದವಳು ಅವಳೇ. ಅವಳ ಗಂಡ ಓಬಳೇಶ ಆ ದಿನ ನನ್ನ ಕೈಹಿಡಿದು, "ಇನ್ ಅಪ್ಪ ಮ್ಯಾಕ್ ಬತ್ತಾನೋ ಇಲ್ವೋ ಅಂತ ಮಕ್ಳು ಹೆದರ್ಕಂಡು ಕಾಯೋದು ತಪ್ತು ಸಾರ್" ಎಂದ.

ಅದಾಗಿ ಐದು ತಿಂಗಳಿಗೆ ನಮ್ಮ ಮಗಳು ಚಿತ್ರಾಳ ನಿಶ್ಚಿತಾರ್ಥ. ಮನೆಯಲ್ಲೇ ಇಟ್ಟುಕೊಂಡಿದ್ದೆವು. ಬೀಗರು ಒಂಬತ್ತು ಗಂಟೆಗೆ ಬರುವವರು. ಏಳಕ್ಕೆ ಬಚ್ಚಲಿನ ತೂತಿನಿಂದ ಕಪ್ಪು ನೀರು ಉಕ್ಕಿ ನಡುಮನೆಗೆ ಬರತೊಡಗಿತು. ಬೀದಿಯ ತಿರುವಿನ ಗುಂಡಿ ಕಟ್ಟಿಕೊಂಡಿತ್ತು. ನಾತಕ್ಕೆ ಅಡುಗೆಯವರು ಸೌಟು ಕೆಳಗಿಟ್ಟು ಹಿತ್ತಿಲಿಗೆ ಹೋದರು. ನನ್ನ ಹೆಂಡತಿ ವಿಶಾಲಾಕ್ಷಿ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಏನಾದ್ರೂ ಮಾಡ್ರೀ, ಅವರು ಅರ್ಧ ದಾರಿಗೆ ಬಂದಿದ್ದಾರಂತೆ" ಎಂದು ಅಳುವುದಕ್ಕೇ ಶುರು ಮಾಡಿದಳು. ಪುರಸಭೆಯ ಹೆಲ್ತ್ ಇನ್‌ಸ್ಪೆಕ್ಟರ್ ದೇವೇಂದ್ರಯ್ಯನಿಗೆ ಫೋನ್ ಮಾಡಿದೆ.

"ಸಾರ್, ಆನೆ ವರ್ಕ್‌ಶಾಪಲ್ಲಿದೆ. ಪೈಪು ಹರಿದುಹೋಗಿದೆ. ನಾಳಿದ್ದು ಬರುತ್ತೆ" ಎಂದ.

"ನಾಳಿದ್ದು ಬಂದರೆ ನಾನೇನು ಮಾಡಲಿ? ಒಂಬತ್ತಕ್ಕೆ ಬೀಗರು ಬರ್ತಾರೆ. ಹೇಗಾದರೂ ಮಾಡಿ ದೇವೇಂದ್ರಯ್ಯ."

ಅವನು ದನಿ ತಗ್ಗಿಸಿ, "ಹೇಗಾದರೂ ಅಂದ್ರೆ ಸಾರ್...?" ಎಂದ.

"ಹೇಗಾದರೂ" ಎಂದು ಫೋನ್ ಇಟ್ಟೆ.

ವಕೀಲನಿಗೆ ಒಂದು ಮಾತಿಗೆ ಎಷ್ಟು ಅರ್ಥ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅವನು ಕೇಳಿದ್ದೇನು, ನಾನು ಹೇಳಿದ್ದೇನು ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ಎಂಟು ಗಂಟೆಯ ಹೊತ್ತಿಗೆ ಶಾಮಿಯಾನ ನೋಡುವ ನೆಪದಲ್ಲಿ ಮಹಡಿ ಹತ್ತಿದೆ. ಬೀದಿಯ ತಿರುವಿನಲ್ಲಿ ಗುಂಡಿಯ ಮುಚ್ಚಳ ತೆರೆದಿತ್ತು. ಪಕ್ಕದಲ್ಲಿ ಕೋಲಿಗೆ ಕೆಂಪು ಬಟ್ಟೆ ಕಟ್ಟಿ ನಿಲ್ಲಿಸಿದ್ದರು. ಒಬ್ಬ ಮುದುಕ, ಅವನ ಪಕ್ಕ ಒಬ್ಬ ಹೆಂಗಸು, ಇಬ್ಬರೂ ಹಗ್ಗ ಹಿಡಿದು ಬಗ್ಗಿ ನೋಡುತ್ತಿದ್ದರು. ಹಗ್ಗದ ಇನ್ನೊಂದು ತುದಿ ಒಳಗಿತ್ತು. ಹೆಂಗಸು ತಲೆಯೆತ್ತಿದಂತಾಯಿತು. ನಾನು ಬೆನ್ನು ತಿರುಗಿಸಿ, ಕಂಬಕ್ಕೆ ಹೂ ಸುತ್ತುತ್ತಿದ್ದವನಿಗೆ, "ಇಲ್ಲಿ ಸೇವಂತಿಗೆ ಸಾಲದು ನೋಡು" ಎಂದೆ.

ಒಂಬತ್ತಕ್ಕೆ ನಾತ ಹೋಗಿತ್ತು. ನೆಲಕ್ಕೆ ಫಿನಾಯಿಲ್ ಹಾಕಿ ತೊಳೆದು ರಂಗೋಲಿ ಬಿಟ್ಟಿದ್ದರು. ಬೀಗರು ಬಂದರು, ತಟ್ಟೆ ಬದಲಾಯಿಸಿಕೊಂಡೆವು, ಊಟವಾಯಿತು. ಮಧ್ಯಾಹ್ನ ದೇವೇಂದ್ರಯ್ಯ ಫೋನ್ ಮಾಡಿ, "ಕೆಲಸ ಆಯ್ತಲ್ಲ ಸಾರ್. ಆಳಿಗೆ ಒಳಗೆ ಸ್ವಲ್ಪ ತಲೆಸುತ್ತು ಬಂತು. ಆಸ್ಪತ್ರೆಗೆ ಕಳಿಸಿದ್ದೀವಿ, ನೀವು ಯೋಚನೆ ಮಾಡಬೇಡಿ" ಎಂದ. ಆಳು ಯಾರು ಎಂದು ನಾನು ಕೇಳಲಿಲ್ಲ. ಉಳಿದ ಒಬ್ಬಟ್ಟು ಕಟ್ಟಿಸಿ ಆಸ್ಪತ್ರೆಗೆ ಕಳಿಸಿದೆ. ಆ ಹೊತ್ತಿಗೆ ಅದನ್ನು ದೊಡ್ಡತನ ಎಂದುಕೊಂಡಿದ್ದೆ.

ಮಾರನೆಯ ದಿನ ಕೊನೇಬೀದಿಯ ನಲವತ್ತೊಂದು ಮನೆಯಲ್ಲೂ ಹೋದ ಮಸಿ ಬೆರಳಿಗೆ ಮರಳಿ ಬಂದಿತ್ತು.

ಹಾಗೆ ಬಂದದ್ದನ್ನು ನಮ್ಮೂರಿನಲ್ಲಿ ಯಾರೂ ಹಿಂದೆ ಕಂಡಿರಲಿಲ್ಲ. ಆಸ್ಪತ್ರೆಯಲ್ಲಿದ್ದವನು ಓಬಳೇಶ ಎಂದು ಎರಡು ದಿನದಲ್ಲಿ ತಿಳಿಯಿತು. ಗುಂಡಿಯ ಗಾಳಿ ಅವನ ಶ್ವಾಸಕೋಶ ಸುಟ್ಟಿತ್ತು. ಮೂರು ವಾರದ ಮೇಲೆ ಮನೆಗೆ ಬಂದನಂತೆ, ಆದರೆ ನಾಲ್ಕು ಹೆಜ್ಜೆ ನಡೆದರೆ ಕೂರಬೇಕಂತೆ. ನಾನು ನೋಡಲು ಹೋಗಲಿಲ್ಲ. ಅಧಿವೇಶನವಿತ್ತು, ಮಗಳ ಮದುವೆಯಿತ್ತು. ಹೋಗದಿರಲು ಕಾರಣಗಳಿಗೇನು ಬರ? ದೇವೇಂದ್ರಯ್ಯನ ರಿಜಿಸ್ಟರಿನಲ್ಲಿ ಆ ದಿನದ ಕೆಲಸ ಆನೆಯೇ ಮಾಡಿತು ಎಂದು ಬರೆದಿತ್ತು. ಊರವರು ತಮಗೆ ತೋಚಿದ್ದು ಮಾತಾಡಿಕೊಂಡರು. ಕೊನೇಬೀದಿಯವರೇ ಏನೋ ಮಾಡಿಕೊಂಡಿರಬೇಕು ಎಂದವರೇ ಹೆಚ್ಚು. ನನ್ನ ಬೆರಳು ಮಾತ್ರ ಬೆಳ್ಳಗೇ ಇತ್ತು. ನಮ್ಮ ಬೀದಿಗೆ ನಾನು ಕೊಟ್ಟಿದ್ದ ಮಾತು ಒಂದು ಪಾರ್ಕಿನದು. ಅದು ಮೊದಲ ವರ್ಷವೇ ಆಗಿತ್ತು.

ಮತ್ತೆ ಚುನಾವಣೆ ಬಂತು. ಎದುರಿಗೆ ಅಕ್ಕಿ ಗಿರಣಿಯ ಪುಟ್ಟಬಸಪ್ಪ. ಗುಂಡಿ ಕಾನೂನು, ಆಸನದ ಕಾನೂನು ಎಲ್ಲವೂ ವ್ಯಾಪಾರಕ್ಕೆ ಕೇಡು ಎನ್ನುವವನು. ಗೆದ್ದರೆ ಪಿಂಚಣಿ ನಿಲ್ಲಿಸುತ್ತೇನೆಂದು ಬಹಿರಂಗವಾಗಿಯೇ ಹೇಳುತ್ತಿದ್ದ. ಗೋಡೆಗೋಡೆಗೂ ಅವನ ಕಡೆಯವರು ಒಂದೇ ಸಾಲು ಬರೆಸಿದರು: ಹೋದ ಮಸಿ ಬಂದದ್ದು ಯಾಕೆ?

ನಮ್ಮೂರಿನಲ್ಲಿ ಮತದಾನಕ್ಕೆ ಹಿಂದಿನ ಭಾನುವಾರ ಹೈಸ್ಕೂಲ್ ಮೈದಾನದಲ್ಲಿ ಎಲ್ಲ ಬೀದಿಯವರೂ ಸೇರಿ ಎಡಗೈ ಎತ್ತುತ್ತಾರೆ. ಯಾರೂ ಎಣಿಸುವುದಿಲ್ಲ, ಬರೆದುಕೊಳ್ಳುವುದಿಲ್ಲ. ಸುಮ್ಮನೆ ಎಲ್ಲರೂ ಎಲ್ಲರ ಬೆರಳನ್ನು ನೋಡುತ್ತಾರೆ. ಅಲ್ಲಿ ಕಪ್ಪು ಹೆಚ್ಚು ಕಂಡರೆ ಹಾಲಿ ಶಾಸಕ ಮತ್ತೆ ಗೆದ್ದದ್ದು ಅಪರೂಪ. ಆ ಭಾನುವಾರಕ್ಕೆ ಹತ್ತು ದಿನ ಉಳಿದಿದ್ದಾಗ ನನ್ನ ಚುನಾವಣೆಯ ಕೆಲಸವನ್ನೆಲ್ಲ ನೋಡಿಕೊಳ್ಳುತ್ತಿದ್ದ ವಸಂತರಾಜ ಬಂದು ಕೂತ.

"ಸಾರ್, ಊರೆಲ್ಲ ಬೆಳ್ಳಗೆ ಕೈಯೆತ್ತಿ ಒಂದು ಬೀದಿ ಮಾತ್ರ ಕಪ್ಪಾಗಿದ್ದರೆ, ಜನ ನೋಡೋದು ಆ ಒಂದು ಬೀದೀನೇ. ಅವರು ಗೋರಂಟಿ ಹಚ್ಚಿಕೊಂಡು ಬಂದರೆ ಆಯ್ತು. ಹಬ್ಬ ಅಂತ ಹೇಳಿದರಾಯ್ತು."

"ಅದು ಸರಿಯಲ್ಲ ವಸಂತ."

"ಸರಿಯಲ್ಲ ಸಾರ್. ಆದರೆ ಪುಟ್ಟಬಸಪ್ಪ ಬಂದರೆ ಏನಾಗುತ್ತೆ, ಅದು ಸರೀನಾ? ನಾನು ಹೋಗಿ ಕೇಳಿದರೆ ಅವರು ಒಪ್ಪೋದಿಲ್ಲ. ನೀವೇ ಕೇಳಬೇಕು."

ಎರಡು ದಿನ ಮನೆಯಲ್ಲೇ ಶತಪಥ ಹಾಕಿದೆ. ಮೂರನೆಯ ದಿನ ಹೋದೆ. ಹನ್ನೊಂದು ತಿಂಗಳಲ್ಲಿ ಆ ಬೀದಿಗೆ ಅದೇ ಮೊದಲು.

ಓಬಳೇಶ ಜಗಲಿಯ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಗಟ್ಟಿಮುಟ್ಟಾದ ಮೈ ಒಣಗಿದ ಪಡವಲಕಾಯಿಯಂತಾಗಿತ್ತು. ನನ್ನನ್ನು ಕಂಡು ಏಳಲು ಹೋಗಿ ಕೆಮ್ಮಿದ. ಆ ಕೆಮ್ಮು ನಿಲ್ಲುವವರೆಗೂ ನಾನು ನಿಂತೇ ಇದ್ದೆ. ನರಸಕ್ಕ ಪಕ್ಕದ ಮನೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಸೆರಗಿನಿಂದ ಒರೆಸಿ ಹಾಕಿದಳು.

"ಟೀ ಮಾಡು ಸಾರ್‌ಗೆ. ಏಟ್ ದಿನಕ್ ಬಂದವ್ರೆ" ಎಂದ ಓಬಳೇಶ, ಉಸಿರು ಹುಡುಕಿಕೊಂಡು. ನನ್ನ ಮೇಲೆ ಅವನಿಗೆ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಟೀ ಕುಡಿದೆ. ಮದುವೆ ಹೇಗಾಯಿತು ಎಂದು ಅವನು ಕೇಳಿದ, ಚೆನ್ನಾಗಾಯಿತು ಎಂದೆ. ಆಮೇಲೆ ಬಂದ ಕೆಲಸ ಹೇಳಿದೆ. ನ್ಯಾಯಾಲಯದಲ್ಲಿ ವಾದ ಮಂಡಿಸುವ ಹಾಗೆ ಮಂಡಿಸಿದೆ. ಪುಟ್ಟಬಸಪ್ಪ ಬಂದರೆ ಏನೇನು ಹೋಗುತ್ತದೆ ಎಂದು ಒಂದೊಂದೇ ಹೇಳಿದೆ. ನನ್ನ ದನಿ ನನಗೇ ಬೇರೆ ಯಾರದೋ ಎನ್ನಿಸುತ್ತಿತ್ತು. ನರಸಕ್ಕ ಬಾಗಿಲಿಗೆ ಒರಗಿ ನಿಂತು ಪೂರ್ತಿ ಕೇಳಿದಳು.

"ಗೋರಂಟಿನಾ" ಎಂದಳು.

"ಹೂಂ."

"ಗಂಡಸ್ರೂನಾ?"

"ಗಂಡಸರು ಬೆರಳಿಗೆ ಬಟ್ಟೆ ಸುತ್ತಿಕೊಂಡರೂ ಆದೀತು."

ಅವಳು ಖಾಲಿ ಲೋಟ ತೆಗೆದುಕೊಳ್ಳಲು ಬಗ್ಗಿದಳು. ಬಗ್ಗಿದವಳು ಹಾಗೇ, ನನಗೆ ಮಾತ್ರ ಕೇಳುವಂತೆ, "ಅವತ್ತು ನಾನೇ ಸಾರ್ ಹಗ್ಗ ಹಿಡ್ಕಂಡಿದ್ದು" ಎಂದಳು. "ನೀವು ಮಹಡಿ ಮ್ಯಾಲೆ ನಿಂತಿದ್ರಿ. ನೋಡಿದ್ರಿ. ಆಮ್ಯಾಕೆ ಆ ಕಡಿಕ್ ತಿರುಕ್ಕಂಡ್ರಿ."

"ಯಾರಿಗಾದರೂ ಹೇಳಿದ್ದೀಯಾ?" ಎಂಬ ಮಾತು ನನ್ನ ಬಾಯಿಂದ ಬಂತು. ಎಲ್ಲಕ್ಕಿಂತ ಮೊದಲು ಅದೇ ಬಂತು. ಬದುಕಿರುವವರೆಗೂ ನಾನು ಅದನ್ನು ಮರೆಯಲಾರೆ.

"ಇಲ್ಲ. ಇವ್ರಿಗೂ ಹೇಳಿಲ್ಲ. ಹೇಳಿದ್ರೆ ನೀವ್ ಸೋತೋಯ್ತೀರ. ನೀವ್ ಸೋತ್ರೆ ಗಿರಣಿಯೋನು ಬತ್ತಾನೆ. ಇವ್ರ ಔಸ್ದಿ ನಡೀತಿರೋದು ಪಿಂಚಣಿಲಿ." ಲೋಟ ಎತ್ತಿಕೊಂಡು ನೆಟ್ಟಗೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು: "ಆಗ್ಲಿ ಸಾರ್. ಹಚ್ಕಂಡು ಬತ್ತೀವಿ. ನಮ್ ಬೀದಿಗೆಲ್ಲ ನಾನ್ ಹೇಳ್ತೀನಿ."

ಕಾರಿನವರೆಗೂ ನಡೆದು ಬರುವಾಗ ಬೀದಿಯವರು ಬಾಗಿಲಿಗೆ ಬಂದು ಕೈಮುಗಿದರು. ಕಪ್ಪು ಬೆರಳುಗಳನ್ನು ಮಡಚಿ ಇನ್ನೊಂದು ಅಂಗೈಯೊಳಗೆ ಮುಚ್ಚಿ ಮುಗಿದರು, ನನಗೆ ಬೇಸರವಾಗದಿರಲಿ ಎಂದು.

ಭಾನುವಾರ ಮೈದಾನ ತುಂಬಿತ್ತು. ಒಂದೊಂದು ಬೀದಿಯವರನ್ನೂ ಕೂಗುತ್ತ ಬಂದಂತೆ ಅವರು ಎದ್ದು ಕೈ ಎತ್ತುತ್ತಿದ್ದರು. ಪೇಟೆಬೀದಿ, ಬೆಳ್ಳಗೆ. ಬೀಡಿ ಕಾಲೋನಿ, ಬೆಳ್ಳಗೆ. ಚಪ್ಪಾಳೆಯ ಮೇಲೆ ಚಪ್ಪಾಳೆ. ಕೊನೇಬೀದಿ ಎಂದಾಗ ಗದ್ದಲ ನಿಂತಿತು. ಹೆಂಗಸರು ಎರಡೂ ಕೈಗೆ ಗೋರಂಟಿ ಹಚ್ಚಿದ್ದರು, ಮೊಣಕೈವರೆಗೂ. ಮುದುಕಿಯರೂ ಹಚ್ಚಿದ್ದರು. ಗಂಡಸರಲ್ಲಿ ಕೆಲವರು ಬಟ್ಟೆ ಸುತ್ತಿದ್ದರು, ಕೆಲವರು ನಾಚಿಕೊಂಡು ಬೆರಳ ತುದಿಗೆ ಗೋರಂಟಿ ಮೆತ್ತಿಕೊಂಡಿದ್ದರು. ಓಬಳೇಶನನ್ನು ಇಬ್ಬರು ಹಿಡಿದುಕೊಂಡು ನಿಲ್ಲಿಸಿದ್ದರು. ಅವನೂ ಕೆಂಪಾದ ಕೈ ಎತ್ತಿದ.

ಪುಟ್ಟಬಸಪ್ಪನ ಕಡೆಯವನೊಬ್ಬ ಎದ್ದು ಕೂಗಿದ: "ಏನ್ರವ್ವಾ, ಇಡೀ ಬೀದಿಗೇ ಮದ್ವೆನಾ?"

ಜನ ನಗಲು ಶುರುಮಾಡಿದರು. ನರಸಕ್ಕ ಸೊಂಟದ ಮೇಲೆ ಕೈಯಿಟ್ಟು ಅವನಿಗಿಂತ ಜೋರಾಗಿ ಹೇಳಿದಳು: "ಹೂಂ ಕಣಪ್ಪ, ನಮ್ ಲಾಯರಪ್ಪಂದು ಎಲ್ಡನೇ ಮದ್ವೆ, ಈ ಊರ್ ಜೊತೆ! ಉಣ್ಣಾಕ್ ಬಾ!"

ಮೈದಾನವೆಲ್ಲ ಹೋ ಎಂದು ನಕ್ಕಿತು. ಕೇಳಿದವನು ಕೂತುಬಿಟ್ಟ. ಮಸಿಯ ಮಾತು ಅಲ್ಲಿಗೆ ಮುಗಿಯಿತು. ನಾನು ವೇದಿಕೆಯ ಮೇಲೆ ನಿಂತು ಎಲ್ಲರ ಜೊತೆ ನಕ್ಕೆ. ಕೈ ಬೀಸಿದೆ. ಆಗ ಹೇಳಬಹುದಿತ್ತು. ಮೈಕು ಕೈಯಲ್ಲೇ ಇತ್ತು. ನಾನು ಗುಂಡಿ ಕಾನೂನಿನ ಬಗ್ಗೆಯೇ ಹತ್ತು ನಿಮಿಷ ಮಾತಾಡಿದೆ, ಚೆನ್ನಾಗಿಯೇ ಮಾತಾಡಿದೆ.

ಗೆದ್ದೆ. ಅಂತರ ಬಹಳವೇನಿರಲಿಲ್ಲ, ಕೊನೇಬೀದಿ ತಿರುಗಿಬಿದ್ದಿದ್ದರೆ ಸೋಲುತ್ತಿದ್ದೆ. ಹಾರ ಹಾಕಲು ಬಂದವರ ನಡುವೆ ದೇವೇಂದ್ರಯ್ಯನೂ ಬಂದಿದ್ದ. ಕಿವಿಯ ಹತ್ತಿರ ಬಾಯಿ ತಂದು, "ಆ ದಿನದ್ದು ಇನ್ನು ಯೋಚನೆಯೇ ಇಲ್ಲ ಸಾರ್, ರಿಜಿಸ್ಟರ್ ಪಕ್ಕಾ ಇದೆ" ಎಂದ. ತನ್ನ ತಂಡದವನೊಬ್ಬನಿಗೆ ಹೇಳುವ ಹಾಗೆ ಹೇಳಿದ. ನಾನು ಕೊರಳಿನ ಹಾರಗಳನ್ನು ತೆಗೆದು ಕುರ್ಚಿಯ ಮೇಲಿಟ್ಟು ಒಳಗೆ ಹೋದೆ.

ಒಂದು ವಾರ ಒಳಗೊಳಗೇ ಬೆಂದು, ಕೊನೆಗೆ ಒಂದು ಬೆಳಿಗ್ಗೆ ಪೊಲೀಸ್ ಠಾಣೆಗೆ ಹೋದೆ. ಫೋನಿನಲ್ಲಿ ಹೇಳಿದ್ದು, ಮಹಡಿಯಿಂದ ನೋಡಿದ್ದು ಎಲ್ಲ ಸೇರಿಸಿ, ನನ್ನದೇ ಕಾನೂನಿನ ಕೆಳಗೆ ನನ್ನ ಮೇಲೇ ದೂರು ಬರೆದು ಇನ್‌ಸ್ಪೆಕ್ಟರ್ ಮುಂದಿಟ್ಟೆ. ಆತ ಎರಡು ಸಲ ಓದಿದ, ಕಾಫಿ ತರಿಸಿದ. "ಏನ್ ಸಾರ್ ಇದು, ಈಗ ತಾನೇ ಗೆದ್ದಿದ್ದೀರಿ" ಎಂದ. ನಾನು ಹಟ ಹಿಡಿದೆ. "ಆಯ್ತು, ಇಟ್ಟು ಹೋಗಿ, ವಿಚಾರಿಸ್ತೀವಿ" ಎಂದ. ಇದು ಹೇಗೋ ಪತ್ರಿಕೆಯವರಿಗೆ ತಿಳಿಯಿತು. ಎಂಥ ದೊಡ್ಡ ಮನಸ್ಸು, ತನ್ನ ಮೇಲೆ ತಾನೇ ದೂರು ಕೊಡುವ ನಾಯಕ ಎಲ್ಲಿ ಸಿಗುತ್ತಾನೆ ಎಂದು ಬರೆದರು. ಮನೆಗೆ ಮತ್ತೆ ಹಾರಗಳು ಬಂದವು. ಓದುವಾಗ ನಾಚಿಕೆಯಾಯಿತು ನಿಜ, ಆದರೆ ಎಲ್ಲೋ ಒಂದು ಕಡೆ ಹಗುರವೂ ಆಯಿತು. ಅದನ್ನೂ ಹೇಳಬೇಕು.

ನಾಲ್ಕನೆಯ ದಿನ ಬೆಳಿಗ್ಗೆ ನರಸಕ್ಕ ನಮ್ಮ ಮನೆಗೆ ಬಂದಳು. ಯಾವಾಗಲೂ ಗೇಟಿನ ಹತ್ತಿರ ನಿಂತು ಕೂಗುವವಳು, ಅವತ್ತು ನೇರ ನಡುಮನೆಗೆ ಬಂದು ನಿಂತಳು. ಕೈಯಲ್ಲಿ ಗೋರಂಟಿಯ ಬಣ್ಣ ಅರ್ಧ ಮಾಸಿತ್ತು.

"ನಿನ್ನೆ ನಮ್ ಬೀದಿಗೆ ಪೊಲೀಸ್ ಜೀಪ್ ಬಂದಿತ್ತು, ಗೊತ್ತಾ?" ಎಂದಳು. "ಇವ್ರನ್ನ ಸ್ಟೇಸನ್ನಿಗೆ ಕರ್ಕಂಡೋಗಿ ಬೆಳಿಗ್ಗಿಂದ ಸಾಯಂಕಾಲದಗಂಟ ಬೆಂಚಿನ ಮ್ಯಾಲೆ ಕೂರ್ಸಿದ್ರು. ಯಾರ್ ಇಳಿಸಿದ್ದು ಹೇಳು, ಯಾರ್ ಇಳಿಸಿದ್ದು ಹೇಳು ಅಂತ. ಇವ್ರು ಕೆಮ್ಮಿ ಕೆಮ್ಮಿ ರಕ್ತ ಉಗುಳಿದ್ರು. ಕೊನೀಗೆ ನಾನೇ ಇಳ್ದೆ, ಯಾರೂ ಇಳಿಸ್ಲಿಲ್ಲ ಅಂತ ಹೆಬ್ಬೆಟ್ ಒತ್ತಿಸ್ಕಂಡು ಕಳ್ಸಿದ್ರು. ನೀವು ಮಹಡಿ ಮ್ಯಾಲೆ ನಿಂತಿದ್ದು ಪೇಪರ್ನಾಗೆ ಬಂದು ಇವ್ರಿಗೂ ಗೊತ್ತಾತು. ಈಗ ಗ್ವಾಡೆ ಕಡಿಕ್ ಮುಖ ಮಾಡ್ಕಂಡು ಮಲಗವ್ರೆ, ಮಾತಾಡ್ತಿಲ್ಲ."

"ನರಸಕ್ಕ, ನಾನು ಸತ್ಯ ಹೇಳಬೇಕು ಅಂತ..."

"ಯಾರಿಗೆ? ಓಟಿಗ್ ಮುಂಚೆ ಬಂದು ಬೆರಳ್ ಮುಚ್ಕಳಿ ಅಂದ್ರಿ, ಮುಚ್ಕಂಡ್ವಿ. ಗೆದ್ ಮ್ಯಾಲೆ ಬಾಯಿ ಬಿಡಿ ಅಂತೀರಾ? ನಿಮ್ ನಾಚ್ಕೆ ಮುಚ್ಚಾಕೂ ನಾವೇ ಬೇಕು, ನಿಮ್ ನಾಚ್ಕೆ ತೊಳ್ಯಾಕೂ ನಾವೇ ಬೇಕಾ?"

ವಿಶಾಲಾಕ್ಷಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದಳು. ವಿಧಾನಸಭೆಯಲ್ಲಿ ಎಷ್ಟೋ ಮಂತ್ರಿಗಳಿಗೆ ಎದುರು ಮಾತಾಡಿದವನು ತಲೆತಗ್ಗಿಸಿ ಅವಳ ಸವೆದ ಚಪ್ಪಲಿ ನೋಡುತ್ತ ನಿಂತೆ.

"ನಾನೇನು ಮಾಡಲಿ, ನೀನೇ ಹೇಳು" ಎಂದೆ ಕೊನೆಗೆ.

"ನಾನ್ ಹೇಳ್ಬೇಕಾ ಅದ್ನ?" ಎಂದು ಹೊರಟವಳು ಬಾಗಿಲಲ್ಲಿ ತಿರುಗಿದಳು. "ಮತ್ತೆ ಗುಂಡಿ ಕಟ್ಕಂತದೆ. ಕಟ್ಕಂಡಾಗ ನಮ್ ಗಂಡಸ್ರು ಇಳಿಯಾಕಿಲ್ಲ ಅಂತಾರೆ. ಊರೆಲ್ಲ ಮ್ಯಾಲೆ ಬೀಳ್ತದೆ. ಅವತ್ ನೀವ್ ಎಲ್ಲಿರ್ತೀರೋ ನೋಡ್ತೀನಿ."

ನಾನು ಮಾಡಿದ್ದು ಹೆಚ್ಚೇನಲ್ಲ. ಠಾಣೆಗೆ ಹೋಗಿ, ಆ ಮನೆಗೆ ಮತ್ತೆ ಜೀಪು ಹೋಗಬಾರದು, ನನ್ನ ಹೇಳಿಕೆಯ ಮೇಲೆ ಏನಾಗುತ್ತದೋ ಅಷ್ಟು ಆಗಲಿ ಎಂದು ಬರೆದುಕೊಟ್ಟೆ. ದೂರು ಇನ್ನೂ ಹಾಗೇ ಇದೆ. ಓಬಳೇಶನನ್ನು ದೊಡ್ಡಾಸ್ಪತ್ರೆಗೆ ಸೇರಿಸಲು ಕಾರು ಕಳಿಸಿದೆ. ಕಾರು ಖಾಲಿ ವಾಪಸು ಬಂತು, ಅವರು ಬಸ್ಸಿನಲ್ಲಿ ಹೋದರಂತೆ. ಹಾರಗಳನ್ನು ಬೇಡ ಎಂದೆ. ಸನ್ಮಾನಕ್ಕೆ ಕರೆದವರಿಗೆ ಬರುವುದಿಲ್ಲ ಎಂದೆ. ಆದರೆ ಇದೆಲ್ಲ ನನ್ನ ಮನಸ್ಸಿನ ಸಮಾಧಾನಕ್ಕೇ ಹೊರತು ಅವರಿಗೇನೂ ಅಲ್ಲ ಎಂದು ಅಷ್ಟು ಹೊತ್ತಿಗೆ ನನಗೂ ಅರ್ಥವಾಗಿತ್ತು.

ಜೂನ್ ತಿಂಗಳ ಮಳೆಗೆ ಪೇಟೆಬೀದಿಯ ದೊಡ್ಡ ಗುಂಡಿ ಕಟ್ಟಿಕೊಂಡಿತು. ಬಟ್ಟೆ ಅಂಗಡಿಗಳ ಮುಂದೆ ಮೊಣಕಾಲುದ್ದ ಕಪ್ಪು ನೀರು. ಆನೆಯ ಎಂಜಿನ್ನು ಕೆಟ್ಟು ನಿಂತಿತ್ತು. ಪಕ್ಕದ ಊರಿನಿಂದ ಇನ್ನೊಂದು ಬರಲು ಮೂರು ದಿನ ಎಂದರು. ದೇವೇಂದ್ರಯ್ಯ ಕೊನೇಬೀದಿಗೆ ಹೋದ. ಅಲ್ಲಿಯ ಗಂಡಸರು ಇಳಿಯುವುದಿಲ್ಲ ಎಂದರು. ಕೆಲಸದಿಂದ ತೆಗೆಯುತ್ತೇನೆ ಎಂದ. ತೆಗಿ ಎಂದರು. ಅವನು ನನಗೆ ಫೋನ್ ಮಾಡಿ, "ಸಾರ್, ಪೇಟೆಯೋರು ಗಲಾಟೆ ಮಾಡ್ತಿದ್ದಾರೆ, ತಾವು ಒಂದು ಮಾತು ಹೇಳಿದರೆ..." ಎಂದ.

"ಇಳಿಸಬೇಡಿ" ಎಂದೆ. ಈ ಸಲ ಅದನ್ನು ಪೂರ್ತಿಯಾಗಿ, ಬಿಡಿಸಿ ಹೇಳಿದೆ. "ಯಾರನ್ನೂ, ಯಾವ ಕಾರಣಕ್ಕೂ ಗುಂಡಿಗೆ ಇಳಿಸಬೇಡಿ. ಯಾರನ್ನೂ ಕೆಲಸದಿಂದ ತೆಗೆಯಬೇಡಿ. ನಾನು ಬರುತ್ತಿದ್ದೇನೆ."

ಪೇಟೆಬೀದಿಗೆ ಹೋಗಿ, ಮೊಣಕಾಲವರೆಗೂ ಪಂಚೆ ಎತ್ತಿ ಕಟ್ಟಿ, ಗುಂಡಿಯ ಬಾಯಿಯ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಕೂತೆ. ಮೂರು ದಿನ, ಬೆಳಗಿನಿಂದ ಕತ್ತಲಾಗುವವರೆಗೂ. ಅಂಗಡಿಯವರು ಬಂದು ಕಾಲು ಹಿಡಿಯುವ ಹಾಗೆ ಕೇಳಿದರು, ಆಮೇಲೆ ಬೈದರು. ನನಗೆ ಓಟು ಹಾಕಿದವರೇ, "ನಿಮ್ಮ ಮಗಳ ನಿಶ್ಚಿತಾರ್ಥಕ್ಕೆ ಇಳಿಸಬಹುದು, ನಮ್ಮ ಅಂಗಡಿಗೆ ಇಳಿಸಬಾರದಾ?" ಎಂದು ಮುಖದ ಮೇಲೆ ಕೇಳಿದರು. "ಇಳಿಸಿದ್ದು ತಪ್ಪು. ಅದಕ್ಕೇ ಇಲ್ಲಿ ಕೂತಿದ್ದೇನೆ" ಎಂದು ಅಷ್ಟನ್ನೇ ಕೇಳಿದವರಿಗೆಲ್ಲ ಹೇಳಿದೆ. ಕೆಲವರು ಉಗುಳಿದರು. ವಸಂತರಾಜ ಕೊಡೆ ಹಿಡಿದುಕೊಂಡು ಬಂದು, "ಸಾರ್, ಮುಂದಿನ ಸಲ ಈ ಬೀದಿ ಮುಗಿಯಿತು ಅಂತಾನೇ ತಿಳ್ಕೊಳ್ಳಿ" ಎಂದ. ಕೊಡೆ ಕೊಟ್ಟು ಹೋದ.

ಮೂರನೆಯ ದಿನ ಬೆಳಿಗ್ಗೆ ಮಳೆ ನಿಂತು ನೀರು ಸ್ವಲ್ಪ ಇಳಿದಿತ್ತು. ಪಕ್ಕದ ಊರಿನ ಯಂತ್ರ ಹೊರಟಿದೆ ಎಂದು ಸುದ್ದಿ ಬಂತು. ಕೊನೇಬೀದಿಯ ಹೆಂಗಸರು ಪೊರಕೆ ಹಿಡಿದು ದಿನದ ಕೆಲಸಕ್ಕೆ ಬಂದರು. ನರಸಕ್ಕ ಅಂಗಡಿಗಳ ಸಾಲಿನಿಂದ ಕೆಸರು ತಳ್ಳುತ್ತ, ತಳ್ಳುತ್ತ, ನಾನು ಕೂತಲ್ಲಿಗೆ ಬಂದಳು. ಮೂರು ದಿನದಿಂದ ನಾನಿಲ್ಲಿ ಕೂತದ್ದು ಅವಳಿಗೆ ಗೊತ್ತಿರದೆ ಇರಲಿಲ್ಲ. ಓಬಳೇಶ ಹೇಗಿದ್ದಾನೆ ಎಂದು ಕೇಳಬೇಕೆಂದು ಬಾಯಿ ತೆರೆದೆ. ಕೇಳಲು ಧೈರ್ಯ ಬರಲಿಲ್ಲ.

ಅವಳು ಪೊರಕೆಯ ಹಿಡಿಯನ್ನು ನೆಲಕ್ಕೆ ಕುಟ್ಟಿ ಸರಿಮಾಡಿಕೊಂಡು, ನನ್ನ ಮುಖ ನೋಡದೆ, "ವಸಿ ಆ ಕಡಿಕ್ ಸರೀರಿ ಸಾರ್, ಗುಡುಸ್ಬೇಕು" ಎಂದಳು.

ನಾನು ಕುರ್ಚಿ ಎತ್ತಿಕೊಂಡು ಸರಿದು ನಿಂತೆ.